ಮೇಲ್ಪದರದ ಹಣ್ಣು

ನಮ್ಮ ಮಾವನ ಜೊತೆ ಬಾಳುವುದಕ್ಕೆ ಭೂಮಿತೂಕದ ತಾಳ್ಮೆ ಬೇಕು. ನನಗೆ ಅದಿಲ್ಲ.

ಕಳಪೆ ಬೀಜದಿಂದ ಬೆಳೆ ಹಾಳಾದರೆ ಬೀಜದ ಕಂಪನಿಯೇ ನಷ್ಟ ತುಂಬಿಕೊಡಬೇಕು ಎಂಬ ಮಸೂದೆ ಅಂದು ಮಧ್ಯಾಹ್ನ ವಿಧಾನಸಭೆಯ ಮುಂದೆ ಬರುವುದಿತ್ತು. ನಮ್ಮ ಶಾಸಕರು ಅದರ ಪರ ನಾಲ್ಕು ಮಾತಾಡಲಿ ಎಂದು, ಟೊಮೆಟೊ ಬೆಳೆಗಾರರೆಲ್ಲರ ಪರವಾಗಿ ಅವರ ಕಚೇರಿಗೆ ಅಲೆದಲೆದು ನನ್ನ ಚಪ್ಪಲಿ ಸವೆದಿತ್ತು. ಒಮ್ಮೆ ಹೋದರೆ ಮದುವೆಗೆ ಹೋಗಿದ್ದಾರೆ, ಇನ್ನೊಮ್ಮೆ ಹೋದರೆ ಮಲಗಿದ್ದಾರೆ. ಕೊನೆಗೂ ಸಿಕ್ಕಿದಾಗ, "ಬಾಯಿಮಾತು ಯಾರು ಬೇಕಾದ್ರೂ ಆಡ್ತಾರಮ್ಮ. ಹಾಳಾದ ಬೆಳೆ ತಂದು ತೋರ್ಸಿ" ಎಂದಿದ್ದರು.

"ಮಾವ, ಹೊಲದಲ್ಲಿ ಹೇಗಿದ್ಯೋ ಹಾಗೇ ಒಂದು ಕ್ರೇಟ್ ತುಂಬಿಡಿ" ಎಂದು ಹಿಂದಿನ ದಿನ ಬಾಯಿ ನೋಯುವಷ್ಟು ಹೇಳಿದ್ದೆ. ಬೆಳಗ್ಗೆ ನೋಡಿದರೆ ಕ್ರೇಟಿಗೆ ಗೋಣಿ ಹೊದಿಸಿ ಹಗ್ಗ ಬಿಗಿದು, ಹೊರಡಲು ತಯಾರಾಗಿ ಕೂತಿದ್ದರು. ಬಿಚ್ಚಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಕಚೇರಿಯ ಬೆಂಚಿನಲ್ಲಿ ಕೂತು ಬೆನ್ನು ಹಿಡಿದುಕೊಂಡ ಮೇಲೆ ಸಹಾಯಕ ಒಳಗೆ ಬಿಟ್ಟ. ಶಾಸಕರು ಆಗಲೇ ಸಭೆಗೆ ಹೊರಟು ನಿಂತಿದ್ದರು. ಮಾವ ಕ್ರೇಟನ್ನು ಮೇಜಿನ ಮೇಲಿಟ್ಟು ಗೋಣಿ ತೆಗೆದರು.

ಕೆಂಪಗೆ, ದುಂಡಗೆ, ಒರೆಸಿ ಇಟ್ಟ ಹಣ್ಣುಗಳು. ಒಂದರಲ್ಲೂ ಚುಕ್ಕೆಯಿಲ್ಲ. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಚೆಂದದ ಹಣ್ಣು ಮೇಲಿರಬೇಕು ಎನ್ನುವುದು ಮಾವ ಮೀಸೆ ಬಂದಾಗಿನಿಂದ ಮಾರುಕಟ್ಟೆಗೆ ಕ್ರೇಟು ತುಂಬಿದ ರೀತಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಅದು ನಮ್ಮ ಮನೆಯ ಕಥೆ.

ಶಾಸಕರು ಒಂದನ್ನೆತ್ತಿ ಕಚ್ಚಿದರು. "ಇಂಥ ಹಣ್ಣು ಬೆಳೆದು ಬೀಜ ಸರಿಯಿಲ್ಲ ಅಂತೀರಲ್ಲ?"

ನಾನು ಕ್ರೇಟಿನೊಳಗೆ ಕೈ ತೂರಿಸಿ ಕೆಳಗಿನದನ್ನು ಬಾಚಿ ತೆಗೆದೆ. ಗೋಲಿಯಷ್ಟೇ ದಪ್ಪದವು, ಬಾಯಿಬಿಟ್ಟವು, ತಳ ಕಪ್ಪಾದವು ಮೇಜಿನ ತುಂಬ ಉರುಳಿದವು. ಒಂದು ಕೊಳೆತದ್ದು ಅವರ ಕಾಗದಗಳ ಮೇಲೆ ಒಡೆಯಿತು.

ಶಾಸಕರು ಮುಖ ಗಂಟಿಕ್ಕಿದರು. "ಮೇಲೆ ಒಳ್ಳೇದು, ಕೆಳಗೆ ಕೊಳೆತದ್ದು. ಸಂತೇಲಿ ಮಾಡೋ ಮೋಸ ನನ್ನ ಹತ್ರಾನೂ ತಂದ್ರಾ?"

ಮಾವನನ್ನು ಇದುವರೆಗೆ ಯಾರೂ ಮೋಸಗಾರ ಎಂದಿರಲಿಲ್ಲ. ಅಷ್ಟು ಹೊತ್ತು ಅವರ ಮೇಲೆ ಉರಿಯುತ್ತಿದ್ದ ನಾನೇ ಈಗ ಅವರ ಪಕ್ಕಕ್ಕೆ ಸರಿದು ನಿಂತೆ. ಮಾವ ಹೆಗಲ ಟವೆಲಿನಿಂದ ಕಾಗದದ ಮೇಲಿನ ರಸ ಒರೆಸತೊಡಗಿದರು.

"ಮೋಸ ಅಲ್ಲ ಸ್ವಾಮಿ. ದೊಡ್ಡವರ ಮುಂದೆ ಕೊಳೆತದ್ದು ಹೇಗಿಡೋದು ಅಂತ ನಾಚಿಕೆಯಾಯ್ತು. ಮೇಲಕ್ಕಾದ್ರೂ ಒಳ್ಳೇದಿರ್ಲಿ ಅಂತ ನಿನ್ನೆ ಎರಡೆಕರೆ ಪೂರ್ತಿ ಹುಡುಕಿದೆ. ಗಿಡಗಿಡಾನೂ ನೋಡಿದೆ. ಸಿಕ್ಕಿದ್ದು ಇಷ್ಟೇ."

ಶಾಸಕರು ಮೇಲ್ಪದರವನ್ನು ನೋಡಿದರು. "ಎರಡೆಕರೆಗೆ ಇಷ್ಟೇನಾ?"

"ಇಷ್ಟೇ. ನೀವು ಕಚ್ಚಿದ್ದೂ ಸೇರಿ."

ಅವರು ಕೈಯಲ್ಲಿದ್ದ ಹಣ್ಣನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಸಹಾಯಕನನ್ನು ಕರೆದು, "ಈ ಕ್ರೇಟನ್ನ ಕಾರಲ್ಲಿಡು. ಸಭೆ ಒಳಗೆ ಬಿಡ್ತಾರೋ ಇಲ್ವೋ, ಬಾಗಿಲವರೆಗಂತೂ ಬರ್ಲಿ. ಈ ಯಜಮಾನ್ರು ಹೇಳಿದ್ದನ್ನೇ ಅಲ್ಲಿ ಹೇಳ್ತೀನಿ" ಎಂದರು.

ನನ್ನ ಕಣ್ಣು ತುಂಬಿ ಬಂತು. ಮಾವನ ಕಡೆ ತಿರುಗಿದೆ. ಆ ಮಹಾನುಭಾವರು ಮೇಜಿನ ಮೇಲಿನದನ್ನೆಲ್ಲ ಕ್ರೇಟಿಗೆ ತುಂಬಿ, ಒಳ್ಳೆಯ ಹಣ್ಣುಗಳನ್ನು ಆರಿಸಿ ಆರಿಸಿ ಮತ್ತೆ ಮೇಲಕ್ಕೆ ಜೋಡಿಸುತ್ತಿದ್ದರು.

ಮದುವೆಯಾಗಿ ಬಂದಮೇಲೆ ಮೊದಲ ಸಲ ಮಾವನ ಕೈ ಹಿಡಿದುಕೊಂಡೆ.

"ಬಿಡಿ ಮಾವ. ಇವತ್ತೊಂದಿನ ಕೆಟ್ಟದ್ದೇ ಮೇಲಿರ್ಲಿ."