ಎರೆಯುವ ಹೊತ್ತಿಗೆ ಆರುತ್ತಿದ್ದ ಗೀಸರ್

೨೦೦೧ರ ಡಿಸೆಂಬರಿನಲ್ಲಿ ನಾನು ಬಾಣಂತನಕ್ಕೆಂದು ರಾಮಕೃಷ್ಣನಗರದ ತವರಿನಲ್ಲಿದ್ದೆ. ಅಪ್ಪ ದೇವರಾಜ ಮೊಹಲ್ಲಾದ ಹಳೆಯ ಮನೆ ಬಿಟ್ಟು ಇಲ್ಲಿ ಹೊಸದು ಕಟ್ಟಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಹಂಡೆ ಒಲೆಯ ಹೊಗೆಯಲ್ಲಿ ಮೂವತ್ತು ವರ್ಷ ಕಣ್ಣುಜ್ಜಿಕೊಂಡ ಅಮ್ಮನಿಗಾಗಿಯೇ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿಸಿದ್ದರು. ನಲ್ಲಿ ತಿರುಗಿಸಿದರೆ ಟಕಟಕ ಕಿಡಿ ಹಾರಿ, ನೀಲಿ ಉರಿ ಹತ್ತಿ, ಬಿಸಿನೀರು ಸುರಿಯುತ್ತಿತ್ತು. ಬಂದ ನೆಂಟರನ್ನೆಲ್ಲ ಅಮ್ಮ ಮೊದಲು ಬಚ್ಚಲಿಗೆ ಕರೆದೊಯ್ದು ಅದನ್ನು ತೋರಿಸುತ್ತಿದ್ದಳು.

ಮಗುವಿಗೆ ಎರೆಯುವುದನ್ನು ಅಮ್ಮ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಚ್ಚಲ ಬಾಗಿಲು ಹಾಕಿಕೊಂಡು, ಮಣೆಯ ಮೇಲೆ ಕಾಲು ನೀಡಿ ಕೂತು, ಒಂದೂವರೆ ತಿಂಗಳ ಲಹರಿಯನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಒಳಗಿನಿಂದ ಅವಳ ಲಾಲಿಮಾತು ಕೇಳುತ್ತಿತ್ತು.

ಚಳಿ ಜೋರಾದ ವಾರ ಗೀಸರ್ ಕೈಕೊಡತೊಡಗಿತು. ಎರೆಯುವುದು ಅರ್ಧವಾಗಿರುವಾಗ ಉರಿ ಪಟ್ಟನೆ ಆರಿಹೋಗುವುದು. ಅಮ್ಮ ಬಾಗಿಲು ತೆರೆದು ಕೂಗುವಳು, ನಾನು ಅಡುಗೆಮನೆಯಿಂದ ಬಿಸಿನೀರು ಹೊರುವೆ. ಸ್ವಲ್ಪ ಹೊತ್ತಿಗೆ ಗೀಸರ್ ಏನೂ ಆಗದಂತೆ ಮತ್ತೆ ಹತ್ತಿಕೊಳ್ಳುವುದು. ನಾವು ಉಳಿದವರು ಸ್ನಾನ ಮಾಡುವಾಗ ಒಮ್ಮೆಯೂ ಆರುತ್ತಿರಲಿಲ್ಲ.

ಅಪ್ಪ ಸೆಲ್ ಬದಲಿಸಿದರು. ಸಿಲಿಂಡರ್ ಬದಲಿಸಿದರು. ರೆಗ್ಯುಲೇಟರನ್ನೂ ಬದಲಿಸಿದರು. ಒಲೆ ರಿಪೇರಿಯ ಸಿದ್ದಲಿಂಗಸ್ವಾಮಿಯವರು ಎರಡು ಸಂಜೆ ಬಂದು, ಬಾಗಿಲು ತೆರೆದಿಟ್ಟು ಅರ್ಧ ಗಂಟೆ ಉರಿಸಿ ನೋಡಿದರು. ಏನೂ ದೋಷ ಸಿಗಲಿಲ್ಲ. ಕೊನೆಗೆ, ಮಗುವಿಗೆ ಎರೆಯುವ ಹೊತ್ತಿಗೇ ಬರುತ್ತೇನೆಂದರು.

ಮರುದಿನ ಬಂದು ಹಜಾರದಲ್ಲಿ ಕೂತರು. ಉರಿ ಆರಿತು, ಅಮ್ಮ ಕೂಗಿದಳು. ನಾನು ಹೋಗಿ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದೆ, ಅಮ್ಮ ಸೆರಗು ಸರಿಮಾಡಿಕೊಂಡು ಈಚೆ ನಿಂತಳು. ಸಿದ್ದಲಿಂಗಸ್ವಾಮಿಯವರು ಬಚ್ಚಲಿಗೆ ಹೋದವರು ಗೀಸರನ್ನು ಮುಟ್ಟಲಿಲ್ಲ, ಮೇಲೆ ನೋಡಿದರು. ವೆಂಟಿಲೇಟರಿನ ಸಂದಿಗಳಿಗೆಲ್ಲ ಹಳೇ ಸೀರೆ ತುರುಕಿತ್ತು. ಮಗುವಿಗೆ ಥಂಡಿ ಆಗದಿರಲೆಂದು ಅಮ್ಮ ದಿನಾ ತುರುಕಿ, ಆಮೇಲೆ ತೆಗೆದು ಒಣಹಾಕುತ್ತಿದ್ದಳು.

"ಅಮ್ಮಾವ್ರೇ, ನಿಮಗೆ ತಲೆನೋವೇನಾದ್ರೂ ಬರ್ತಿದ್ಯಾ?" ಎಂದು ಕೇಳಿದರು.

ವಾರದಿಂದ ಬರುತ್ತಿದೆ, ಚಳಿಗಿರಬೇಕು ಎಂದಳು ಅಮ್ಮ. ಮಗು ಹೇಗಿದೆ ಎಂದು ನನ್ನನ್ನು ಕೇಳಿದರು. ಎರೆದ ಮೇಲೆ ಮಧ್ಯಾಹ್ನದವರೆಗೂ ಎಚ್ಚರವಿಲ್ಲದಂತೆ ಮಲಗುತ್ತಾಳೆ ಎಂದೆ. ಅದು ಅಮ್ಮನ ಕೈಗುಣ ಎಂದು ನಾವೆಲ್ಲ ಹೊಗಳಿದ್ದೆವು.

"ಗೀಸರ್ ಕೆಟ್ಟಿಲ್ಲ ಕಣಮ್ಮ. ಗಾಳಿ ಸಾಲ್ದೆ ಹೋದ್ರೆ ತಾನಾಗೇ ಆರೋ ಹಂಗೆ ಇದನ್ನ ಮಾಡಿದಾರೆ. ಮುಚ್ಚಿದ ಕೋಣೇಲಿ ಗ್ಯಾಸ್ ಉರಿದ್ರೆ ವಿಷಗಾಳಿ ತುಂಬ್ಕೊಳುತ್ತೆ, ವಾಸನೇನೂ ಬರಲ್ಲ. ಇದು ಆರ್ದೇ ಇದ್ದಿದ್ರೆ..." ಎಂದವರು ಮಗುವಿನ ಮುಖ ನೋಡಿ, ತುರುಕಿದ್ದ ಸೀರೆಯನ್ನು ಎಳೆದು ತೆಗೆದರು.

ಅಪ್ಪ ಆಟೋ ತಂದರು. ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ ಭಯವಿಲ್ಲ ಎಂದರು. ಆ ವಾರವೇ ಗೀಸರನ್ನು ಕಿತ್ತು ಹೊರಗೋಡೆಗೆ ಹಾಕಿಸಿ, ಬರೀ ನೀರಿನ ಪೈಪನ್ನು ಒಳಗೆ ಬಿಟ್ಟದ್ದಾಯಿತು.

ಅಮ್ಮ ಮಾತ್ರ ಮಗುವನ್ನು ಮುಟ್ಟಲಿಲ್ಲ. ಎರೆಯಲು ಯಾರನ್ನಾದರೂ ಗೊತ್ತು ಮಾಡಿಕೋ ಎಂದಳು. ಎರಡು ದಿನ ನೋಡಿದೆ. ಮೂರನೆಯ ದಿನ ಮಣೆ ಹಾಕಿ, ಅವಳನ್ನು ಕೈಹಿಡಿದು ಕೂರಿಸಿ, ಲಹರಿಯನ್ನು ಅವಳ ಕಾಲ ಮೇಲೆ ಮಲಗಿಸಿ ನಾನೂ ಅಲ್ಲೇ ಕೂತೆ. ಮಗು ಕೈಕಾಲು ಬಡಿದು ನಕ್ಕಿತು. ಎಣ್ಣೆ ಹಚ್ಚುತ್ತ ಅಮ್ಮ ಮೆಲ್ಲಗೆ ಹೇಳಿದಳು: "ಆ ಹಳೇ ಮನೆ ಬಚ್ಚಲ ಹೆಂಚಲ್ಲಿ ಅಂಗೈಯಗಲ ಕಿಂಡಿ ಇತ್ತು. ನಿನಗೆ ಎರೀವಾಗೆಲ್ಲ ಚಳಿ ಬರುತ್ತೆ, ಮುಚ್ಚಿಸಿ ಅಂತ ನಮ್ಮತ್ತೇನ ಬೇಡ್ಕೊಳ್ತಿದ್ದೆ. ಅವರು ಬಿಡ್ತಿರಲಿಲ್ಲ. ಯಾಕೆ ಅಂತ ನಾನು ಕೇಳ್ಲೇ ಇಲ್ಲ ಕಣೇ."

ಆಮೇಲೆ ಅಮ್ಮ ನನ್ನ ಎರಡನೆಯ ಮಗುವಿಗೂ ಎರೆದಳು. ಅವಳು ಹೋಗಿ ಈಗ ಎರಡು ವರ್ಷ. ಭಾನುವಾರ ಲಹರಿಯ ತಲೆಗೆ ಎಣ್ಣೆ ಹಚ್ಚುವಾಗ, ಅಜ್ಜಿಯ ಹಾಗೆ ನಿನಗೆ ತಿಕ್ಕಲು ಬರುವುದಿಲ್ಲ ಎಂದು ಅವಳು ದೂರುತ್ತಾಳೆ. ಹೌದು, ಬರುವುದಿಲ್ಲ.