ಕುಕ್ಕರಿನ ಹಳೇ ರಬ್ಬರ್

ಗುರಮ್ಮ ಹಿತ್ತಲ ಗೋಡೆಯ ಮೊಳೆಯಿಂದ ಕುಕ್ಕರಿನ ರಬ್ಬರನ್ನು ಎಳೆದು ತೆಗೆದಳು. ಎರಡೇ ಬೆರಳಲ್ಲಿ, ಮೈಯಿಂದ ದೂರ ಹಿಡಿದು, ತಿಪ್ಪೆಯ ಕಡೆ ಬೀಸಲು ಕೈ ಎತ್ತಿದವಳು, ಗೋಡೆಯಾಚೆ ಪಕ್ಕದ ಮನೆಯ ಪ್ಯಾರಿಬಿ ನಿಂತಿದ್ದನ್ನು ಕಂಡು ತಡೆದಳು. ಪ್ಯಾರಿಬಿಯ ಕೈಯಲ್ಲಿ ಚಹಾ ತುಂಬಿದ ದೊಡ್ಡ ಕಿಟ್ಲಿ ಇತ್ತು.

ಒಳಗೆ ಪಡಸಾಲೆಯಲ್ಲಿ ಗುರಮ್ಮನ ತಮ್ಮ ಸಿದ್ದಲಿಂಗಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ, ತೋಳು, ಎದೆಯ ತುಂಬ ವಿಭೂತಿ. ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಗುರಮ್ಮ ಗೊಬ್ಬೂರಿನಿಂದ ಬಂದಿದ್ದಳು. ಸಿದ್ದಲಿಂಗಪ್ಪನ ಮಗ, ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಶಿವಪ್ರಕಾಶ, ಹೆಂಡತಿ ಸಪ್ನಾಳೊಂದಿಗೆ ಬಂದಿದ್ದ. ಮುಂದಿನ ಅಂಗಳದಲ್ಲಿ ಶವವನ್ನು ಕೂಡಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದರು. ಪ್ಯಾರಿಬಿಯ ಗಂಡ ಇಸ್ಮಾಯಿಲನೂ ಅಲ್ಲೇ ಹಗ್ಗದ ತುದಿ ಹಿಡಿದು ನಿಂತಿದ್ದ.

ಆಳಂದದ ಆ ಓಣಿಯಲ್ಲಿ ಸಾವಾದ ಮನೆಗೆ ಮೊದಲ ಚಹಾ ಪಕ್ಕದ ಮನೆಯದು. ಹಿಂದಿನ ವರ್ಷ ಸಿದ್ದಲಿಂಗಪ್ಪನ ಹೆಂಡತಿ ಜಯಮಾಲಾ ತೀರಿಕೊಂಡಾಗಲೂ ಇದೇ ಕಿಟ್ಲಿ ಬಂದಿತ್ತು. ಎಲ್ಲರೂ ಕುಡಿದಿದ್ದರು, ಗುರಮ್ಮನೂ.

“ಚಹಾ ತೊಗೋರಿ ಅಕ್ಕಾ. ಮಂದಿ ನಸಿಕಿನಾಗಿಂದ ಹಂಗೇ ಕುಂತಾರ. ನಾನೂ ಬಂದು ಕಡೀ ಸಲ ಅಣ್ಣನ ಮಾರಿ ನೋಡ್ತೇನಿ.”

“ಚಹಾ ಇರ್ಲಿ. ಮೊದಲ ಇದು ಹೇಳು. ಈ ರಬ್ಬರಿನ ವಾಸನಿ ಹೋಗ್ಯಾದೋ ಇಲ್ಲೋ?”

ಗುರಮ್ಮ ಫೋನ್ ಮಾಡಿದಾಗಲೆಲ್ಲ ತಮ್ಮ ಹೇಳುತ್ತಿದ್ದುದು ಒಂದೇ ಮಾತು: ರಬ್ಬರ್ ತೊಳೆದು ಬಿಸಿಲಿಗೆ ಹಾಕಿದ್ದೇನೆ, ಇನ್ನೂ ಸ್ವಲ್ಪ ವಾಸನೆ ಬರುತ್ತದೆಂದು ಪ್ಯಾರಿಬಿ ಅಂದಳು. ಮೊದಮೊದಲು ಗುರಮ್ಮ ನಕ್ಕಿದ್ದಳು. ಆಮೇಲೆ ಗೊಬ್ಬೂರಿನ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಲೆಕ್ಕ ಹಾಕಿದ್ದಳು.

“ಬಳ್ಳೊಳ್ಳಿ ವಾಸನಿ ಸೋಡಾ ಹಾಕಿದ್ರ ಹೋಗ್ತದ. ಇಂಗಿನ ವಾಸನಿ ಬಿಸಿಲಿಗಿ ಹೋಗ್ತದ. ಯಾವುದಕ್ಕೂ ಹೋಗಲಾರದ ವಾಸನಿ ಯಾವುದು, ನೀನೇ ಹೇಳು. ನಿನ್ನ ಕುಕ್ಕರ್ ಕೆಟ್ಟಾಗ ಇವನ ಕುಕ್ಕರ್ ಒಯ್ದಿದ್ದಿ. ಏನು ಕುದಿಸಿದಿ ಅದ್ರಾಗ?”

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಇತ್ತ ತಿರುಗಿದರು.

“ಕಡ್ಲಿಬ್ಯಾಳಿ, ಅಕ್ಕಾ.”

“ಕಡ್ಲಿಬ್ಯಾಳಿ ವಾಸನಿ ತಿಂಗಳಗಟ್ಲೆ ಇರ್ತದೇನು ಬೇ?”

ಅದಕ್ಕೆ ಉತ್ತರವಿತ್ತು. ಆದರೆ ಆ ಉತ್ತರ ಹೇಳಬೇಕೆಂದರೆ, ಒಳಗೆ ವಿಭೂತಿ ಹಚ್ಚಿಸಿಕೊಂಡು ಕೂತವನಿಗೆ ತಾನು ದಿನಾಲೂ ಸುಳ್ಳು ಹೇಳಿದೆ ಎಂದು ಇಷ್ಟು ಜನರ ಮುಂದೆ ಒಪ್ಪಬೇಕಿತ್ತು. ಪ್ಯಾರಿಬಿ ಕಿಟ್ಲಿಯನ್ನು ಗೋಡೆಯ ಮೇಲಿಟ್ಟು ಸೆರಗು ಸರಿಮಾಡಿಕೊಂಡಳು. ಅದನ್ನು ಒಳಗೆ ಒಯ್ಯಲು ಯಾರೂ ಕೈ ಚಾಚಲಿಲ್ಲ. ಒಳಗೆ ಬಾ ಎಂದೂ ಯಾರೂ ಅನ್ನಲಿಲ್ಲ. ಗುರಮ್ಮ ರಬ್ಬರನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಸೆದು, ಆ ಕುಕ್ಕರನ್ನೂ ಹೊರಗೆ ಹಾಕುವಂತೆ ಸಪ್ನಾಳಿಗೆ ಹೇಳಿ ಒಳಹೋದಳು.

*

ಸಿದ್ದಲಿಂಗಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಆಳಂದ, ಅಫಜಲಪುರ, ಜೇವರ್ಗಿ ಎಂದು ಕೂಗಿ ಕೂಗಿ ಅವನ ದನಿ ಒಡೆದಿತ್ತು. ಅರ್ಧ ಟಿಕೆಟ್ ಕೇಳುವ ತಾಯಂದಿರು ಮೀಸೆ ಚಿಗುರಿದ ಮಗನ ವಯಸ್ಸನ್ನು ಇಳಿಸಿ ಹೇಳುವಾಗ ಅವರ ಮುಖ ನೋಡಿ ನಕ್ಕು, ಅರ್ಧ ಟಿಕೆಟ್ಟನ್ನೇ ಹರಿದು ಕೊಡುತ್ತಿದ್ದ. ನಿವೃತ್ತನಾದ ಮೇಲೂ ಬಸ್ಸಿನ ಚಾಳಿ ಬಿಡಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಎರಡನೇ ಸೀಟಿ ಹೊಡೆದೊಡನೆ ಎಲ್ಲಿದ್ದರೂ ಅಲ್ಲಿಂದಲೇ “ರೈಟ್, ರೈಟ್” ಎನ್ನುತ್ತಿದ್ದ. ಜಯಮಾಲಾ ಗ್ಯಾಸ್ ಆರಿಸುತ್ತಿದ್ದಳು.

ಕೊರೋನಾ ಬಂದು ಹೋದಾಗ ಅವನ ಮೂಗಿನ ಶಕ್ತಿಯನ್ನು ಒಯ್ದಿತ್ತು. ಬಹಳ ಜನರಿಗೆ ಅದು ಮರಳಿ ಬಂತು, ಅವನಿಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನ ಮೂತ್ರಿ ಪಕ್ಕದಲ್ಲಿ ಕೂತು ಚಹಾ ಕುಡಿಯಲು ತನ್ನಷ್ಟು ಲಾಯಕ್ಕಾದವನು ಇನ್ನೊಬ್ಬನಿಲ್ಲ ಎಂದು ಹೇಳಿಕೊಂಡು ನಗುತ್ತಿದ್ದ.

ಜಯಮಾಲಾ ಹೋದ ಮೇಲೆ ಅಡುಗೆ ತಾನೇ ಮಾಡಿಕೊಳ್ಳತೊಡಗಿದ. ಬೇಳೆಗೆ ಬೆಳ್ಳುಳ್ಳಿ, ಮಸಾಲೆ ಖಾರ ಹಾಕಿ ಒಟ್ಟಿಗೆ ಬೇಯಿಸುವುದು, ಅದೇ ಕುಕ್ಕರಿನಲ್ಲಿ ಅನ್ನ. ಗುರಮ್ಮ ನೋಡಲು ಬಂದವಳು ಉಣ್ಣಲು ಕೂತು, ತುತ್ತನ್ನು ಬಾಯಿಯವರೆಗೆ ತಂದು ತಟ್ಟೆಗೆ ಇಳಿಸಿದಳು. ಜಯಮಾಲಾ ಇದ್ದಾಗ ಈ ಮನೆಯಲ್ಲಿ ಇಂಥ ವಾಸನೆ ಇರಲಿಲ್ಲ ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಮರುದಿನ ಸಿದ್ದಲಿಂಗಪ್ಪ ಕುಕ್ಕರಿನ ಒಂದೊಂದೇ ಭಾಗವನ್ನು ಗೋಡೆಯ ಬಳಿ ತಂದು, ಪ್ಯಾರಿಬಿಯನ್ನು ಕರೆದು, ತನಗೆ ತಿಳಿಯುವುದಿಲ್ಲ, ನೀನೇ ಮೂಸಿ ಹೇಳು ಎಂದು ಕೇಳಿದ. ಪಾತ್ರೆ, ಮುಚ್ಚಳ ಎಲ್ಲ ಸರಿಯಿತ್ತು. ರಬ್ಬರಿಗೆ ಬಂದಾಗ ಅವಳು ಮುಖ ಹಿಂಡಿದಳು.

ರಬ್ಬರಿನ ಗುಣವೇ ಹಾಗೆ. ಬಿಸಿಗೆ ಸಡಿಲಾಗಿ ಎಣ್ಣೆಯನ್ನೂ ಎಣ್ಣೆಯ ಜೊತೆಗಿನ ವಾಸನೆಯನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ತಣ್ಣಗಾದ ಮೇಲೆ ಬಿಟ್ಟುಕೊಡುವುದಿಲ್ಲ. ತೊಳೆದರೆ ಮೇಲಿನದು ಮಾತ್ರ ಹೋಗುತ್ತದೆ. ಒಳಗಿನದು ಬಿಸಿನೀರಿಗೆ, ಗಾಳಿಗೆ, ಬಿಸಿಲಿಗೆ ಮೆಲ್ಲಗೆ ಹೊರಬರಬೇಕು. ಸಿದ್ದಲಿಂಗಪ್ಪ ತಿನ್ನುವ ಸೋಡಾ ಕಲಸಿದ ನೀರಿನಲ್ಲಿ ಅದನ್ನು ನೆನೆಹಾಕಿದ. ಲಿಂಬೆಯ ಸಿಪ್ಪೆಯಿಂದ ಉಜ್ಜಿದ. ಗೋಡೆಗೆ ಒಂದು ಮೊಳೆ ಹೊಡೆದು ಬಿಸಿಲಿಗೆ ತೂಗುಹಾಕಿದ. ದಿನಾ ಬೆಳಿಗ್ಗೆ ತಂದು ತೋರಿಸಿದ.

ವಾಸನೆ ಬೇಗನೇ ಹೋಯಿತು. ಅದು ಹೋದ ದಿನ, ಹೋಯಿತು ಎನ್ನುವ ಮಾತು ಪ್ಯಾರಿಬಿಯ ನಾಲಿಗೆಯ ತುದಿಗೆ ಬಂದಿತ್ತು. ತಲೆ ಎತ್ತಿ ನೋಡಿದಳು. ಸಿದ್ದಲಿಂಗಪ್ಪ ಗೋಡೆಗೆ ಎರಡೂ ಮೊಣಕೈ ಊರಿ ನಿಂತಿದ್ದ. ಊರೂರಿನ ಜನರೊಡನೆ ಮಾತಾಡಿ ಬದುಕಿದ ಮನುಷ್ಯ, ಹೆಂಡತಿ ಸತ್ತ ಮೇಲೆ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದ. ಸುಮ್ಮನೆ ಪಕ್ಕದ ಮನೆಯ ಹೆಣ್ಣುಮಗಳನ್ನು ಕರೆದು ಮಾತಾಡಿಸುವ ಸ್ವಭಾವ ಅವನದಲ್ಲ. ಅದಕ್ಕೆ ಕೆಲಸವೊಂದು ಬೇಕು.

“ಇನ್ನಾ ಸ್ವಲ್ಪ ಬರ್ತದ್ರಿ, ಅಣ್ಣಾ,” ಎಂದಳು.

ಮರುದಿನ ಅವನು ಮತ್ತೆ ಬಂದ. ರಬ್ಬರಿನ ಮಾತು ಮುಗಿದ ಮೇಲೆ ಮಗನ ಮಾತು, ತೊಗರಿಯ ಮಾತು, ಒಂದು ಮಳೆಗಾಲದಲ್ಲಿ ಜೇವರ್ಗಿಯ ದಾರಿಯಲ್ಲಿ ಬಸ್ಸಿನಲ್ಲೇ ಹೆರಿಗೆಯಾದ ಮಾತು. ಉಪಾಯ ಹೇಳಿ ಹೇಳಿ ಪ್ಯಾರಿಬಿಗೇ ಉಪಾಯ ಮುಗಿದವು. ಕಡಲೆ ಹಿಟ್ಟಾಯಿತು, ಹುಣಸೆಹಣ್ಣಾಯಿತು, ಬೂದಿಯಾಯಿತು.

“ಇನ್ನ ವಿಭೂತಿ ಒಂದ ಉಳದಾದ. ಹಚ್ಚಿ ಬಿಡ್ಲೇನು?” ಎಂದು ಒಂದು ದಿನ ಕೇಳಿದ.

ಅವಳು ನಕ್ಕಳು. ಅವನು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಾನೂ ನಕ್ಕು, ರಬ್ಬರನ್ನು ಮೊಳೆಗೆ ಸಿಕ್ಕಿಸಿ ಹೋದ.

*

ವಿಮಾನ ಎದ್ದಾಗ ಪ್ಯಾರಿಬಿ ತನ್ನ ಹಿತ್ತಲಿನಲ್ಲಿ ಕಲ್ಲಿನ ಮೇಲೆ ಹತ್ತಿ ನಿಂತು ನೋಡಿದಳು. ಭಜನೆಯವರ ತಾಳ ಓಣಿ ತಿರುಗಿತು. ಹೂವಿನ ನಡುವೆ ವಾಲಿದ ರುಮಾಲು ಮಾತ್ರ ಅವಳಿಗೆ ಕಂಡಿತು.

ಗಂಡಸರು ಮಣ್ಣು ಮಾಡಲು ಹೋದ ಮೇಲೆ ಹೆಂಗಸರು ಪಡಸಾಲೆ ತೊಳೆದರು. ಸಪ್ನಾ ಕುಕ್ಕರನ್ನು ಹಿತ್ತಲಿಗೆ ತಂದು, ಒಳಗೆ ಏನಾದರೂ ಉಳಿದಿದೆಯೋ ಎಂದು ಮುಚ್ಚಳ ತೆಗೆದಳು.

“ಅತ್ತಿ, ಇಲ್ಲಿ ನೋಡ್ರಿ. ಇದರಾಗ ರಬ್ಬರ್ ಅದ.”

ಗುರಮ್ಮ ಬಂದು ನೋಡಿದಳು. ಮುಚ್ಚಳದ ಅಂಚಿನಲ್ಲಿ ಬೆಳ್ಳಗಿನ ರಬ್ಬರ್ ಕೂತಿತ್ತು. ಒಗೆಯುವ ಕಲ್ಲಿನ ಮೇಲೆ ಇನ್ನೊಂದು ಬಿದ್ದಿತ್ತು.

“ಇದು ನಾ ದೀಪಾವಳಿಗಿ ಬಂದಾಗ ತಂದು ಹಾಕಿಕೊಟ್ಟಿದ್ದು. ಹಳೇದು ತಿಪ್ಪಿಗಿ ಒಗದು ಬಿಡ್ರಿ ಮಾವ ಅಂದಿದ್ದೆ. ಆತವಾ ಅಂದಿದ್ರು.”

“ಮತ್ತ ದಿನಾ ತೊಳದು ತೂಗಹಾಕ್ತಿದ್ದದ್ದು ಯಾವುದು?”

ಪ್ಯಾರಿಬಿ ಗೋಡೆಯ ಮೇಲಿನ ಕಿಟ್ಲಿ ತೆಗೆದುಕೊಳ್ಳಲು ಬಂದಿದ್ದಳು. ಅದರ ಹಿಡಿಕೆಯ ಮೇಲೆ ಇಟ್ಟ ಕೈ ಹಾಗೆಯೇ ನಿಂತಿತು. ದಿನಾ ಬೆಳಿಗ್ಗೆ ಅವನು ರಬ್ಬರನ್ನು ಮೊಳೆಗೆ ಸಿಕ್ಕಿಸಿ ಒಳಹೋಗುತ್ತಿದ್ದ. ಅದು ಬಿಸಿಲಿನಲ್ಲಿ ತೂಗುತ್ತಿರುವಾಗಲೇ ಅವನ ಅಡುಗೆಮನೆಯಿಂದ ಸೀಟಿ ಕೇಳುತ್ತಿತ್ತು. ಒಂದು, ಆಮೇಲೆ ಇನ್ನೊಂದು. ರೈಟ್, ರೈಟ್ ಎಂದು ತಾನೇ ಹೇಳಿಕೊಂಡು ತಾನೇ ಗ್ಯಾಸ್ ಆರಿಸುತ್ತಿದ್ದ. ರಬ್ಬರ್ ಇಲ್ಲದೆ ಕುಕ್ಕರ್ ಸೀಟಿ ಹೊಡೆಯುವುದಿಲ್ಲ. ಅಷ್ಟು ತಿಂಗಳು ಎರಡನ್ನೂ ಒಟ್ಟಿಗೆ ನೋಡಿ, ಒಟ್ಟಿಗೆ ಕೇಳಿ, ಅದು ಅವಳಿಗೆ ಹೊಳೆದಿರಲಿಲ್ಲ.

“ಅಕ್ಕಾ,” ಎಂದಳು. “ಆ ರಬ್ಬರಿನಾಗ ಏನೂ ವಾಸನಿ ಇಲ್ಲ. ಅದು ಎಂದೋ ಹೋಗ್ಯಾದ. ನಾನೇ ಸುಳ್ಳ ಹೇಳ್ತಿದ್ದೆ.”

“ಯಾಕ?”

“ಹೋಯ್ತು ಅಂದಿದ್ರ ಅಣ್ಣ ಮರುದಿನ ಗ್ವಾಡಿಗಿ ಬರ್ತಿದ್ನೇನ್ರಿ?” ಅವಳ ದನಿ ಸಣ್ಣದಾಯಿತು. “ಆದ್ರ ಹೊಸಾದು ಇದ್ದೂ ಹಳೇದೇ ತರ್ತಿದ್ದ. ಅವಂಗೂ ಗೊತ್ತಿತ್ತು, ಅಕ್ಕಾ. ಗೊತ್ತಿದ್ದೂ ಬರ್ತಿದ್ದ.”

ಗುರಮ್ಮ ಕಲ್ಲಿನ ಮೇಲಿನ ರಬ್ಬರ್ ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದಳು. ಉಸಿರೆಳೆದಳು, ತಿರುಗಿಸಿ ಇನ್ನೊಂದು ಕಡೆ ಹಿಡಿದು ಮತ್ತೆ ಎಳೆದಳು. ಆಮೇಲೆ ಪ್ಯಾರಿಬಿಯ ಕಡೆ ತಿರುಗಿದಳು.

“ತಮ್ಮನ ಮಾರಿ ನೋಡಿದೇನು?”

“ರುಮಾಲು ಕಂಡಿತ್ರಿ.”

ಗುರಮ್ಮ ಗೋಡೆಯ ಬಳಿ ಬಂದಳು. ತಣ್ಣಗಾದ ಕಿಟ್ಲಿಯನ್ನು ಈಚೆಗೆ ಎಳೆದುಕೊಂಡು ಸಪ್ನಾಳ ಕೈಗೆ ಕೊಟ್ಟು, ಬಿಸಿ ಮಾಡು, ಎಲ್ಲರಿಗೂ ಕೊಡು ಎಂದಳು. ಆಮೇಲೆ ರಬ್ಬರನ್ನು ಗೋಡೆಯಾಚೆ ಚಾಚಿದಳು.

“ಅತ್ತು ಅತ್ತು ನನ್ನ ಮೂಗು ಕಟ್ಟ್ಯಾದ, ತಂಗಿ. ನೀನೇ ನೋಡು. ಇನ್ನಾ ಬರ್ತದೇನು?”

ಪ್ಯಾರಿಬಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಮುಖದ ಹತ್ತಿರ ತಂದು ಕಣ್ಣು ಮುಚ್ಚಿದಳು.

“ಇನ್ನಾ ಸ್ವಲ್ಪ ಬರ್ತದ್ರಿ, ಅಕ್ಕಾ.”

ಗುರಮ್ಮ ತಲೆಯಾಡಿಸಿ ಅದನ್ನು ತಿರುಗಿ ಇಸಿದುಕೊಂಡು ಮೊಳೆಗೆ ಸಿಕ್ಕಿಸಿದಳು. ಬೆಳಿಗ್ಗೆ ತಮ್ಮನ ಹಣೆಗೆ ಎಳೆದ ವಿಭೂತಿ ಅವಳ ಬೆರಳಲ್ಲಿ ಇನ್ನೂ ಉಳಿದಿತ್ತು. ರಬ್ಬರ್ ಒಮ್ಮೆ ಅತ್ತಿತ್ತ ಆಡಿ ನಿಂತಿತು. ಅದರ ಮೇಲೆ ಮೂರು ಬಿಳಿ ಗೆರೆಗಳಿದ್ದವು.