ರವಿವಾರದ ಕಡೀ ಬಸ್ಸು

ಸನತ್‌ನಗರದ ಸರಕಾರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ, ನನ್ನ ಹೆಂಡತಿ ಯಮುನಾಬಾಯಿ ೨೦೦೬ರಲ್ಲಿ ನಿವೃತ್ತಳಾದಳು. ಆಲ್ಪ್ಸ್ ಪರ್ವತವನ್ನು ಕರಿಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದಳೋ, ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವಳ ಆಸೆ. ಸೆಕ್ರೆಟರಿಯೇಟಿನಲ್ಲಿ ನನ್ನ ಜೊತೆಗಿದ್ದ ಸೂಗಪ್ಪ, ಅವನ ಹೆಂಡತಿ ಶಿವದೇವಿ, ನಾವಿಬ್ಬರು ಆಸ್ಟ್ರಿಯಾಕ್ಕೆ ಹೊರಡುವುದೆಂದಾಯಿತು.

ಮೂರು ತಿಂಗಳು ಮೊದಲೇ ಅವಳು ಅಲ್ಲಿಯ ಮಾತು ಜರ್ಮನ್ ಎಂದು ಕೋಠಿ ಪೇಟೆಯಿಂದ ಆ ಭಾಷೆ ಕಲಿಸುವ ಹಳೆಯ ಪುಸ್ತಕ ತಂದು, ಒಲೆಯ ಮುಂದೆ ನಿಂತು ಬಾಯಿಪಾಠ ಮಾಡತೊಡಗಿದಳು. ಹೋಗಿ ಬಂದವರನ್ನೆಲ್ಲ ಕೇಳಿ ಬರೆದುಕೊಂಡಳು: ಪಾಸ್‌ಪೋರ್ಟಿನ ಝೆರಾಕ್ಸ್ ಬೇರೆ ಚೀಲದಲ್ಲಿರಲಿ, ಟಿಕೆಟಿಗೆ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ರವಿವಾರ ಅಂಗಡಿ ಮುಚ್ಚಿರುತ್ತವೆ, ಹಳ್ಳಿಗೆ ಹೋದರೆ ಮೊದಲು ವಾಪಸ್ ಬಸ್ಸಿನ ವೇಳೆ ನೋಡಬೇಕು.

"ಪರೀಕ್ಷಾಕ್ಕ ಕೂಡಾಕಿದ್ದೀ ಏನು?" ಎಂದು ನಕ್ಕೆ. "ಅಲ್ಲೆ ಎಲ್ಲಾರಿಗೂ ಇಂಗ್ಲಿಷ್ ಬರ್ತದ."

"ಪಟ್ಟಣದಾಗ ಬರ್ತದರಿ. ಹಳ್ಯಾಗ?"

ಇನ್ಸ್‌ಬ್ರುಕ್ ಪಟ್ಟಣದಲ್ಲಿ ಎರಡು ದಿನ ಸುಖವಾಗಿ ಕಳೆದವು. ಮೂರನೆಯ ದಿನ ರವಿವಾರ, ಬಸ್ಸು ಹಿಡಿದು ಗುಡ್ಡದ ಮೇಲಿನ ಒಂದು ಹಳ್ಳಿಗೆ ಹೋದೆವು. ಇಳಿದ ಕೂಡಲೇ ಅವಳು ಫಲಕ ಓದಿ, "ಕಡೀ ಬಸ್ಸು ಐದೂವರಿಗೆ" ಎಂದಳು. ತಡಮಾಡಿಸಿದವನು ನಾನೇ. ಇನ್ನೊಂದು ಹುಲ್ಲುಗಾವಲು ನೋಡೋಣವೆಂದು ಎಳೆದೊಯ್ದೆ. ಇಳಿಯುವಾಗ ಶಿವದೇವಿಯ ಕಾಲು ಉಳುಕಿತು. ಅವಳನ್ನು ಹಿಡಿದುಕೊಂಡು ಕುಂಟಿಸುತ್ತ ಬರುವಷ್ಟರಲ್ಲಿ ಬಸ್ಸು ಕಣ್ಣೆದುರೇ ತಿರುವು ದಾಟಿತು.

"ಬಸ್ ಹೋತಲ್ರೀ ವಾಸುದೇವರಾಯರ, ಈಗೇನ್ ಮಾಡೂದು?" ಸೂಗಪ್ಪ ಬೆವರಿದ. ನಮ್ಮ ಮೊಬೈಲುಗಳು ಅಲ್ಲಿ ನಡೆಯುತ್ತಿರಲಿಲ್ಲ. ನಾನು ಎರಡು ಮನೆಯ ಬಾಗಿಲು ತಟ್ಟಿ ಇಂಗ್ಲಿಷಿನಲ್ಲಿ ಹೇಳಿ ನೋಡಿದೆ. ಒಂದು ತೆರೆಯಲೇ ಇಲ್ಲ. ಇನ್ನೊಂದರ ಮುದುಕ ಅರ್ಥವಾಗದೆ ತಲೆ ಅಲ್ಲಾಡಿಸಿ ಒಳಗೆ ಹೋದ.

"ನೀವು ಶಿವದೇವಿ ಹಂತ್ಯಾಕ ಕೂಡ್ರಿ," ಎಂದು ಯಮುನಾ ಸೆರಗು ಸಿಕ್ಕಿಸಿ ಪಕ್ಕದ ದನದ ಕೊಟ್ಟಿಗೆಯತ್ತ ನಡೆದಳು. ಒಳಗೆ ಹೆಂಗಸೊಬ್ಬಳು ಹಾಲು ಕರೆಯುತ್ತಿದ್ದಳು. ಯಮುನಾ ಹೊಸ್ತಿಲಲ್ಲೇ ನಿಂತು ಆ ಊರಿನವರಂತೆ "ಗ್ರ್ಯೂಸ್ ಗಾಟ್" ಎಂದು ನಮಸ್ಕರಿಸಿದಳು. ಆಮೇಲೆ ನಮ್ಮತ್ತ ಕೈ ತೋರಿಸಿ ಒಂದೊಂದೇ ಜರ್ಮನ್ ಮಾತು ಜೋಡಿಸಿದಳು: ಗೆಳತಿ, ಕಾಲು, ನೋವು, ಬಸ್ಸು ಹೋಯಿತು. ತರಗತಿಯಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ, ಅಳುಕಿಲ್ಲದೆ.

ಆ ಹೆಂಗಸು ಹಾಲಿನ ಪಾತ್ರೆ ಕೆಳಗಿಟ್ಟು ಓಡಿ ಬಂದಳು. ಶಿವದೇವಿಯ ಕಾಲಿಗೆ ತಣ್ಣೀರ ಬಟ್ಟೆ ಸುತ್ತಿ, ನಾಲ್ವರಿಗೂ ಹಾಲು ಕೊಟ್ಟು, ನಮ್ಮನ್ನು ತನ್ನ ಜೀಪಿನಲ್ಲಿ ಕೂಡಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಹೊರಟಳು.

ದಾರಿಯಲ್ಲಿ ಕೆಳಗೆ ಇನ್ ನದಿ ಕಂಡಿತು. ಯಮುನಾ ಬೆರಳು ತೋರಿಸಿ, "ಇನ್... ಡಾನ್ಯೂಬ್... ಕಪ್ಪು ಸಮುದ್ರ" ಎಂದು ಅದರ ಹಾದಿಯನ್ನೆಲ್ಲ ಗಾಳಿಯಲ್ಲೇ ಬರೆದಳು. ಆ ಹೆಂಗಸು ಬೆರಗಿನಿಂದ ತಿರುಗಿ, "ಲೇರರಿನ್?" ಎಂದು ಕೇಳಿದಳು.

"ಯಾ," ಎಂದಳು ಯಮುನಾ. ನನ್ನ ಕಡೆ ಬಾಗಿ, "ಮಾಸ್ತರಬಾಯಿ ಏನು ಅಂತ ಕೇಳಾಕತ್ತಾರ" ಎಂದಳು.

ಹೆಂಗಸು ಜೀಪು ನಿಲ್ಲಿಸಿ ಅವಳ ಕೈ ಕುಲುಕಿದಳು. ಹಿಂದಿನ ಸೀಟಿನಲ್ಲಿ ಕೂತ ನನ್ನ ಕಣ್ಣು ತುಂಬಿ ಬಂದವು.

ಶಿವದೇವಿಗೆ ಬರೀ ಉಳುಕು, ಎರಡು ದಿನದಲ್ಲಿ ನಡೆದಾಡಿದಳು. ಈಗ ನಮ್ಮೂರಿನ ಮಿಯಾಪುರ, ಜೀಡಿಮೆಟ್ಲಾ ಬಡಾವಣೆಗಳಿಂದೆಲ್ಲ ಪರದೇಶಕ್ಕೆ ಹೊರಟವರು ನಮ್ಮ ಮನೆಗೆ ಬರುತ್ತಾರೆ. ನನ್ನನ್ನು ಕೇಳಿದರೆ, "ನಮ್ಮ ಮಾಸ್ತರಬಾಯಾರನ್ನ ಕೇಳ್ರಿ" ಎಂದು ಕುರ್ಚಿ ಹಾಕಿ, ಚಹಾ ಇಡಲು ಒಳಗೆ ಹೋಗುತ್ತೇನೆ.